ಥ್ರಿಲ್ಲರ್‌ಗೆ ಯಾವುದು ಸರಿ: ಮೋಡ ಬಿತ್ತನೆಯಾ, ಗಂಧಕದ ಮಬ್ಬಾ?

ಕೋಲಾರದಲ್ಲಿ ನಡೆಯುವ, ಮುಂದಿನ ಕಾಲದ ಥ್ರಿಲ್ಲರ್ ಬರೆಯಬೇಕು ಅಂತಿದ್ದೀರಾ? ಹವಾಮಾನವನ್ನೇ ಆಡಿಸುವ ತಂತ್ರಜ್ಞಾನ ಬೇಕೆಂದರೆ ಎರಡು ದಾರಿ ಇವೆ.

ಮೊದಲನೆಯದು ಮೋಡ ಬಿತ್ತನೆ. ಮಳೆ ಸುರಿಯಲೆಂದು ವಿಮಾನದಿಂದ ಮೋಡಕ್ಕೆ ಸಿಲ್ವರ್ ಅಯೊಡೈಡ್ ಅನ್ನುವ ರಾಸಾಯನಿಕದ ಕಣ ಬಿಡುವುದು. 2017ರಲ್ಲಿ ನಮ್ಮ ರಾಜ್ಯದಲ್ಲೇ ಮಾಡಿದ್ದರು, ಹಾಗಾಗಿ ಓದುಗರಿಗೆ ಹೊಸದಲ್ಲ. ಮೋಡವೇ ಇಲ್ಲದಿದ್ದರೆ ಇದರಿಂದ ಏನೂ ಆಗುವುದಿಲ್ಲ. ಕಥೆಗೆ ಅದೇ ಲಾಭ: ಇರುವ ಒಂದೇ ಮೋಡಕ್ಕೆ ಜಗಳ. ಮುಳಬಾಗಿಲಿನ ಟೊಮೆಟೊ ಬೆಳೆಗಾರರು "ನಮ್ಮ ಮಳೆನ ಚಿಂತಾಮಣಿಯವರು ಕದ್ದರು" ಅಂತಾರೆ. ಸುಳ್ಳು ಅಂತ ಸಾಬೀತು ಮಾಡುವುದು ಹೇಗೆ? ಬಿತ್ತದೇ ಇದ್ದಿದ್ದರೆ ಎಷ್ಟು ಸುರಿಯುತ್ತಿತ್ತು ಅಂತ ಯಾರೂ ಖಚಿತವಾಗಿ ಹೇಳಲಾರರು, ಅಲ್ವಾ? ಕೋರ್ಟು, ಲಂಚ, ತಿದ್ದಿದ ಮಳೆಮಾಪಕದ ಲೆಕ್ಕ, ಎಲ್ಲಾ ತಾವಾಗೇ ಬರುತ್ತವೆ.

ಎರಡನೆಯದು, ವಾಯುಮಂಡಲದ ಮೇಲ್ಪದರಕ್ಕೆ ಗಂಧಕ ಬಿಟ್ಟು ಬಿಸಿಲನ್ನೇ ತಗ್ಗಿಸುವುದು. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದು ಹೀಗೇ ಗಂಧಕ ಮೇಲಕ್ಕೆ ಚಿಮ್ಮಿದ ಮೇಲೆ ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಗಿತ್ತು. ಅಪಾಯವೂ ದೊಡ್ಡದು. ಮುಂಗಾರು ಏರುಪೇರಾಗಬಹುದು. ದಿಢೀರನೆ ನಿಲ್ಲಿಸಿದರೆ ತಡೆದಿಟ್ಟ ಕಾವೆಲ್ಲ ಕೆಲವೇ ವರ್ಷಗಳಲ್ಲಿ ಮೇಲೆರಗುತ್ತದೆ. ಸಸ್ಪೆನ್ಸ್ ರೆಡಿ! ಆದರೆ ವಿಲನ್ ಎಲ್ಲೋ ದೂರದ ದೇಶದಲ್ಲಿ ಕೂತಿರುತ್ತಾನೆ, ಕೋಲಾರ ಸುಮ್ನೆ ನೋಡುತ್ತಾ ನಿಲ್ಲಬೇಕು.

ಸಣ್ಣ ಕಥೆಗೆ ಮೋಡ ಬಿತ್ತನೆಯೇ ಸಾಕು. ಕಾದಂಬರಿಯಾದರೆ ಗಂಧಕ ತಗೊಳ್ಳಿ, ಆದರೆ ಕಥೆಯನ್ನು ಕೆರೆ ಏರಿಯ ಮೇಲೆ ನಡೆಸಿ. ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಮುಂಗಾರು ಕೈಕೊಟ್ಟ ವರ್ಷ ಆ ನೀರಿನ ಪಂಪ್ ಯಾರ ಕೈಯಲ್ಲಿರುತ್ತದೆ ಅನ್ನುವುದೇ ನಾಲ್ಕು ಅಧ್ಯಾಯಕ್ಕಾಗುತ್ತದೆ.