ಅಮೈನೋ ಆಸಿಡ್ ಟೆಸ್ಟಿಗೆ ಸ್ಯಾಂಪಲ್ ಕೊಡೋರು ಮೊದಲು ಗ್ರಾಫ್ ಕೇಳಿ ಇಸ್ಕೊಳ್ರಿ

ದ್ರಾಕ್ಷಿಗೆ ಹೊಡಿಯೋ ಅಮೈನೋ ಆಸಿಡ್ ಲಿಕ್ವಿಡ್ ಎಲ್ಲಿ ಟೆಸ್ಟ್ ಮಾಡಸೂದು ಅಂತ ವಿಜಯಪುರ, ತಿಕೋಟಾ ಕಡೆಯವ್ರು ಭಾಳ ಮಂದಿ ಕೇಳಾಕತ್ತೀರಿ, ಅದಕ್ಕ ನಮಗಾದದ್ದು ಬರೀತೀನಿ. ನಮ್ಮ ತೋಟಕ್ಕ ತಂದ ಕ್ಯಾನಿನ ಸ್ಯಾಂಪಲ್ ಒಂದು ಪ್ರೈವೇಟ್ ಲ್ಯಾಬಿಗೆ ಕೊಟ್ಟಿದ್ವಿ. ರಿಪೋರ್ಟ್ ಬಂತು, ಯಾವ ಅಮೈನೋ ಆಸಿಡ್ ಎಷ್ಟೈತಿ ಅಂತ: ಲೈಸಿನ್ ಎಲ್ಲಾದಕ್ಕಿಂತ ಜಾಸ್ತಿ, ಕೆಳಗ ಟ್ರಿಪ್ಟೊಫ್ಯಾನ್, ಗ್ಲುಟಮಿನ್ ಎಲ್ಲಾ ನಂಬರ್ ಸಮೇತ. ಆದ್ರ ಅದೇ ಹಾಳಿ ಮ್ಯಾಲ 6 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್, 110 ಡಿಗ್ರಿ, 24 ತಾಸು ಅಂತ ಬರ್ದಿದ್ರು, ಅಂದ್ರ ಟೆಸ್ಟಿಗಿಂತ ಮೊದಲ ಸ್ಯಾಂಪಲ್ ಗಟ್ಟಿ ಆಸಿಡ್‌ನಾಗ ಕಾಸಿದ್ರು. ಹಂಗ ಕಾಸಿದ್ರ ಟ್ರಿಪ್ಟೊಫ್ಯಾನ್ ಹಾಳಾಗಿ ಹೋಗ್ತೈತಿ, ಗ್ಲುಟಮಿನ್ ಹೋಗಿ ಗ್ಲುಟಾಮಿಕ್ ಆಸಿಡ್ ಆಗ್ತೈತಿ. ಇಲ್ಲದ್ದಕ್ಕ ನಂಬರ್ ಎಲ್ಲಿಂದ ಬಂತ್ರಿ?

ಕೇಳಿದ್ರ, ನಮ್ಮದು ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್, ಕಂಡಕ್ಟಿವಿಟಿ ಡಿಟೆಕ್ಟರ್ ಐತಿ, ತಪ್ಪಾಗೂದಿಲ್ಲ ಅಂದ್ರು. ಮೆಥಡ್ ಖರೇನ ಚಲೋದು, ಅದರ ಬಗ್ಗೆ ತಕರಾರಿಲ್ಲ. ಟ್ರಿಪ್ಟೊಫ್ಯಾನ್, ಟೈರೋಸಿನ್, ಫಿನೈಲ್ ಅಲನಿನ್ ಬಿಟ್ರ ಉಳಿದ ಅಮೈನೋ ಆಸಿಡ್ ಯುವಿ ಡಿಟೆಕ್ಟರಿಗೆ ಸರಿಯಾಗಿ ಕಾಣೂದಿಲ್ಲ, ಬಣ್ಣದ ಕೆಮಿಕಲ್ ಹಚ್ಚಬೇಕಾಗ್ತೈತಿ. ಇದರಾಗ ಅದು ಬೇಕಿಲ್ಲ. ಅಸೆಟಿಕ್ ಆಸಿಡ್‌ನಾಗ ಪಿಎಚ್ 2ರ ಹತ್ತಿರ (ಅಂದ್ರ ಭಾಳ ಹುಳಿ) ಇಟ್ರ ಎಲ್ಲಾ ಅಮೈನೋ ಆಸಿಡ್‌ಗೂ ಪಾಸಿಟಿವ್ ಚಾರ್ಜ್ ಬರ್ತೈತಿ, ಕೂದಲಿನಷ್ಟು ಸಣ್ಣ ನಳಿಗಿ ಒಳಗ ಹೈ ವೋಲ್ಟೇಜಿಗೆ ಒಂದೊಂದ ಬ್ಯಾರೆ ಬ್ಯಾರೆ ಆಗಿ ಓಡ್ತಾವ, ನಳಿಗಿ ಹೊರಗ ಕೂಡಿಸಿದ ಎಲೆಕ್ಟ್ರೋಡ್ ಕರೆಂಟ್ ಬದಲಾಗೂದನ್ನ ಹಿಡೀತೈತಿ. ಆದ್ರ ಆ ಎಲೆಕ್ಟ್ರೋಡಿಗೆ ಲೈಸಿನ್ನೂ ಒಂದ, ಸೋಡಿಯಂ ಕೂಡ ಒಂದ. ಕರೆಂಟ್ ಒಯ್ಯೋದೆಲ್ಲಾ ಗ್ರಾಫಿನ್ಯಾಗ ಪೀಕ್ (ಏರಿದ ಗೆರಿ) ಆಗ್ತೈತಿ.

ಬೆಳಗಾವಿಯೊಳಗ ಪರಿಚಯದೊಬ್ರು ಅದೇ ಸ್ಯಾಂಪಲ್ ಮತ್ತ ಓಡಿಸಿ ಕೊಟ್ರು. ಮೊದಲಿನ ಲ್ಯಾಬಿನವ್ರು ಕಾಸಿದ ಆಸಿಡ್‌ನ ಹುಳಿ ಹೊಂದಸಾಕ ಕಾಸ್ಟಿಕ್ ಸೋಡಾ ಸುರುವಿದ್ರು, ಅಂದ್ರ ಸ್ಯಾಂಪಲ್ ಪೂರಾ ಉಪ್ಪು. ಸೋಡಿಯಂ ಲೈಸಿನ್ನಿಗಿಂತ ಮುಂಚೆ ಬರ್ತೈತಿ, ಇಷ್ಟು ಉಪ್ಪಿದ್ರ ಅದರ ಪೀಕ್ ಗುಡ್ಡದಂಗ ಅಗಲ ಆಗಿ ಬಾಲ ಎಳೀತೈತಿ. ಬೆಳಗಾವಿಯವ್ರು ಒಂಚೂರು ಪ್ಯೂರ್ ಲೈಸಿನ್ ಸೇರ್ಸಿ ಮತ್ತ ಓಡಿಸಿದ್ರು, ರಿಪೋರ್ಟ್‌ನಾಗ ಲೈಸಿನ್ ಅಂತ ಬರ್ದಿದ್ದ ದೊಡ್ಡ ಪೀಕ್ ಒಂದ ಎಳಿನೂ ಏರಲಿಲ್ಲ, ಬಾಲದ ಮ್ಯಾಲಿದ್ದ ಸಣ್ಣ ಉಬ್ಬು ಏರ್ತು. ಆ ಉಬ್ಬ ಲೈಸಿನ್. ನಾವು ರೊಕ್ಕ ಕೊಟ್ಟಿದ್ದು ಉಪ್ಪಿನ ಲೆಕ್ಕಕ್ಕ. ನೋಡಿ ಹೊಟ್ಟಿ ಉರೀತು, ಯಾಕಂದ್ರ ಇದೇ ರಿಪೋರ್ಟ್ ನಂಬಿ ಎಷ್ಟು ಮಂದಿ ಕ್ಯಾನ್ ಕ್ಯಾನ್ ತಂದು ಹೊಡೀತಾರೋ.

ಸ್ಯಾಂಪಲ್ ಕೊಡೂಕಿಂತ ಮೊದಲ ಕೇಳ್ರಿ: ಗ್ರಾಫ್ ಕೊಡ್ತೀರೇನು, ಸ್ಟ್ಯಾಂಡರ್ಡ್ (ಪ್ಯೂರ್ ಅಮೈನೋ ಆಸಿಡ್) ಸೇರ್ಸಿ ಓಡಿಸಿದ್ದೂ ಕೊಡ್ತೀರೇನು, ಆಸಿಡ್ ಹೆಂಗ ತಗೀತೀರಿ, ಸೋಡಾ ಹಾಕಿ ಹೊಂದಸ್ತೀರೋ ಆವಿ ಮಾಡಿ ಹಾರಸ್ತೀರೋ. ಬ್ಯಾಸಗಿಯೊಳಗ ಕರೆಂಟ್ ಹೋಗಿ ಎಸಿ ಬಂದ್ ಆದ್ರ ಏನ್ ಮಾಡ್ತೀರಿ ಅಂತನೂ ಕೇಳ್ರಿ, ಒಂದ ಡಿಗ್ರಿ ಏರಿದ್ರ ಕಂಡಕ್ಟಿವಿಟಿ ಸುಮಾರು 2% ಏರ್ತೈತಿ, ಗ್ರಾಫಿನ ತಳದ ಗೆರಿ (ಬೇಸ್‌ಲೈನ್) ವಾರಿ ಆಗ್ತೈತಿ. ಟ್ರಿಪ್ಟೊಫ್ಯಾನ್ ಲೆಕ್ಕ ಬೇಕಂದ್ರ ಅದಕ್ಕ ಬ್ಯಾರೆ, ಕ್ಷಾರದಾಗ ಕಾಸಿದ ಸ್ಯಾಂಪಲ್ ಬೇಕು. ಗ್ರಾಫ್ ಕೊಡೂದಿಲ್ಲ ಅಂದ್ರ ಬಾಟ್ಲಿ ವಾಪಸ್ ತಗೊಂಡು ಬರ್ರಿ.