ಸೆಕೆಂಡ್ ಹ್ಯಾಂಡ್ 350 ತಗೊಳ್ಳೋ ಮುಂಚೆ ಬ್ರೇಕ್ ಆಯಿಲ್ ನೋಡಿ

ಜನವರಿಯಲ್ಲಿ ಹಾಸನದಲ್ಲಿ ಒಂದು ಹಳೇ 350 ಸಿಸಿ ಬೈಕ್ ತಗೊಂಡೆ. 2017ರ ಮಾಡೆಲ್, ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳೋದು) ಇಲ್ಲ. ಮಾರಿದ ಅಂಗಡಿಯ ಹೆಸರು ಬೇಡ. "ಫುಲ್ ಸರ್ವೀಸ್ ಆಗಿದೆ ಸಾರ್, ಕಣ್ಣು ಮುಚ್ಕೊಂಡು ತಗೊಳ್ಳಿ" ಅಂದರು. ನಾನು ಹಾಗೇ ತಗೊಂಡೆ.

ಟ್ರಯಲ್ ನೋಡಿದ್ದು ಬಿ.ಎಂ. ರಸ್ತೆಯಲ್ಲಿ, ಎರಡೇ ಕಿಲೋಮೀಟರ್. ಆಮೇಲೆ ಮೂರು ತಿಂಗಳು ದಿನಾ ಬೇಲೂರಿಗೆ ಆಫೀಸಿಗೆ ಓಡಿಸಿದೆ. ಆ ರಸ್ತೆಗೆ ಹೇಳಿ ಮಾಡಿಸಿದ ಗಾಡಿ. 70ರಲ್ಲಿ ಟಾಪ್ ಗೇರ್‌ಗೆ ಹಾಕಿದರೆ ಲಾರಿ ಪಕ್ಕದಲ್ಲಿ ನುಗ್ಗಿದರೂ ಅಲ್ಲಾಡಲ್ಲ. ಲೀಟರಿಗೆ 33 ಕೊಡುತ್ತಿತ್ತು. ಪೇಟೆಯೊಳಗೆ ಮಾತ್ರ ಭಾರ, ಕ್ಲಚ್ ಹಿಡಿದು ಹಿಡಿದು ಎಡಗೈ ನೋವು. ಅದು ಬಿಡಿ.

ಏಪ್ರಿಲ್‌ನಲ್ಲಿ ಒಂದು ಬುಧವಾರ ರಜೆ ಹಾಕಿ, ಹೆಂಡತಿಯನ್ನು ಕೂರಿಸಿಕೊಂಡು ಮುಳ್ಳಯ್ಯನಗಿರಿಗೆ ಹೋದೆ. ಹತ್ತುವಾಗ ಏನೂ ತೊಂದರೆ ಇಲ್ಲ. ಸೀತಾಳಯ್ಯನಗಿರಿಯಿಂದ ಕೈಮರದ ಕಡೆ ಇಳಿಯುವಾಗ ಮೂರನೇ ಗೇರಲ್ಲಿ, ಹಿಂದಿನ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬರುತ್ತಿದ್ದೆ. ತಪ್ಪು ನನ್ನದೂ ಇದೆ, ಇಲ್ಲ ಅನ್ನಲ್ಲ. ಒಂದು ತಿರುವಿನಲ್ಲಿ ಪೆಡಲ್ ಮೆತ್ತಗೆ ಕೆಳಗೆ ಹೋಯಿತು, ಹೋಗುತ್ತಲೇ ಇತ್ತು. ಬ್ರೇಕೇ ಇಲ್ಲ. ಎದುರಿಗೆ ಜೀಪು. ಮುಂದಿನ ಬ್ರೇಕ್ ಹಿಡಿದು, ಎರಡನೇ ಗೇರ್‌ಗೆ ತಂದು, ಚರಂಡಿಗೆ ಇಳಿಸಿದೆ. ಅವಳ ಮೊಣಕಾಲು ತರಚಿತು, ಒಂದು ಇಂಡಿಕೇಟರ್ ಮುರಿಯಿತು. ಅಷ್ಟಕ್ಕೇ ಮುಗಿಯಿತು.

ಅರ್ಧ ಗಂಟೆ ಅಲ್ಲೇ ಕೂತೆವು. ಆಮೇಲೆ ಪೆಡಲ್ ಒತ್ತಿದರೆ ಬ್ರೇಕ್ ಏನೂ ಆಗಿಲ್ಲ ಅನ್ನೋ ಹಾಗೆ ಹಿಡಿಯಿತು! ಭಯ ಆಗಿದ್ದು ಆಗಲೇ.

ಚಿಕ್ಕಮಗಳೂರಿನಲ್ಲಿ ಮೆಕ್ಯಾನಿಕ್ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಕಾಫಿ ಡಿಕಾಕ್ಷನ್ ಬಣ್ಣ. ಹೊಸ ಆಯಿಲ್ ತಿಳಿ ಹಳದಿ ಇರುತ್ತೆ. ಇದು ಗಾಳಿಯ ತೇವ ಹೀರುತ್ತಾ ಹೋಗುತ್ತದಂತೆ. ಹೊಸ ಡಾಟ್ 4 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಆಯಿಲ್ ಕುದಿಯೋಕೆ ಕಡಿಮೆ ಅಂದರೂ 230 ಡಿಗ್ರಿ ಬೇಕು. ತೇವ ಸೇರಿದ ಮೇಲೆ ಅದು 155ರ ಹತ್ತಿರಕ್ಕೆ ಇಳಿಯಬಹುದು. ಕುದ್ದರೆ ಗುಳ್ಳೆ ಏಳುತ್ತೆ. ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತೆ ಅಷ್ಟೇ, ಒತ್ತಡ ಬ್ರೇಕಿಗೆ ಮುಟ್ಟಲ್ಲ. "ನೀವು ಒತ್ತಿದ್ದು ಬ್ರೇಕ್ ಅಲ್ಲ ಸಾರ್, ಗುಳ್ಳೆ" ಅಂದರು. ಬೇಲೂರು ರಸ್ತೆಯಲ್ಲಿ ಅಷ್ಟು ಬಿಸಿ ಆಗಲ್ಲವಲ್ಲ, ಅದಕ್ಕೇ ಮೂರು ತಿಂಗಳು ಗೊತ್ತೇ ಆಗಲಿಲ್ಲ.

ಟೈರೂ ತೋರಿಸಿದರು. ಬದಿಯಲ್ಲಿ 1117 ಅಂತ ಅಚ್ಚು. ಅಂದರೆ 2017ರ 11ನೇ ವಾರದ್ದು. ಕರಿ ಪಾಲಿಶ್ ಹಚ್ಚಿದ್ದಕ್ಕೆ ನನಗೆ ಹೊಸದರ ಹಾಗೆ ಕಂಡಿತ್ತು.

ಹಾಗಾಗಿ ಗಾಡಿ ನೋಡೋಕೆ ಹೋದಾಗ ಟ್ಯಾಂಕಿನ ಹೊಳಪು ಬಿಡಿ. ಬ್ರೇಕ್ ಆಯಿಲ್ ಡಬ್ಬಿಗೆ ಟಾರ್ಚ್ ಹಾಕಿ, ಟೈರಿನ ಆ ನಾಲ್ಕು ಅಂಕಿ ಓದಿ. ಬಿಲ್ ಇಲ್ಲದಿದ್ದರೆ ಸರ್ವೀಸ್ ಆಗಿಲ್ಲ ಅಂತಲೇ ತಿಳಿದು, ಮೊದಲ ದಿನವೇ ಬ್ರೇಕ್ ಆಯಿಲ್ ಬದಲಾಯಿಸಿ. ಆಮೇಲೂ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಘಾಟಿಯಲ್ಲಿ ಹತ್ತಿದ ಗೇರಲ್ಲೇ ಇಳಿಯಿರಿ.

ಅಂಗಡಿಗೆ ಫೋನ್ ಮಾಡಿದ್ದೆ. "ಊರೊಳಗೆ ಓಡಿಸೋಕೆ ಅಂತ ಕೊಟ್ಟಿದ್ದು ಸಾರ್, ಬೆಟ್ಟ ಹತ್ತಿಸಿ ಅಂದಿದ್ವಾ?" ಅಂದರು.