ಬಿಎಂಡಬ್ಲ್ಯು 318ಐಗೆ ಆರು ಸಿಲಿಂಡರ್ ಎಂಜಿನ್: ಪೀಣ್ಯದ ವರ್ಕ್‌ಶಾಪ್ ಮಾಡಿಕೊಟ್ಟ ಪೂರ್ವಸಿದ್ಧತೆ

ಎಂಜಿನ್ ಇಳಿಸಿ ಇನ್ನೊಂದನ್ನು ಕೂರಿಸಿಕೊಡುವ ಗ್ಯಾರೇಜುಗಳಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಆದರೆ ಹೆಚ್ಚು ಶಕ್ತಿಯ ಎಂಜಿನ್ ಬರುವ ಮುನ್ನ ಕಾರಿನ ಬಾಡಿ, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್, ಗೇರ್‌ಬಾಕ್ಸಿನಿಂದ ಅದಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಪೆಟ್ರೋಲ್ ಲೈನು ಇವೆಲ್ಲ ಅದನ್ನು ತಾಳಿಕೊಳ್ಳುತ್ತವೆಯೇ ಎಂದು ಒಂದೊಂದಾಗಿ ಪರೀಕ್ಷಿಸಿ, ಸರಿಪಡಿಸಿ, ಆಮೇಲಷ್ಟೇ ಕ್ರೇನಿಗೆ ಕೈ ಹಾಕುವವರು ಬಹಳ ಕಡಿಮೆ. ಪೀಣ್ಯ ಎರಡನೇ ಹಂತದ ಈ ವರ್ಕ್‌ಶಾಪ್ ಅಂಥ ಅಪರೂಪದ ಜಾಗ. ಹವ್ಯಾಸಕ್ಕಾಗಿ ಡ್ರಿಫ್ಟ್ ಕಾರು, ಅಂದರೆ ತಿರುವಿನಲ್ಲಿ ಹಿಂದಿನ ಚಕ್ರಗಳನ್ನು ಬೇಕೆಂದೇ ಜಾರಿಸುತ್ತ ಓಡಿಸುವ ಕಾರು, ಕಟ್ಟಿಕೊಳ್ಳಲು ಹೊರಟವರಿಗೆ ನಾನು ಇದನ್ನು ಶಿಫಾರಸು ಮಾಡುವುದು ಮುಖ್ಯವಾಗಿ ಈ ಪೂರ್ವಸಿದ್ಧತೆಯ ಗುಣಕ್ಕಾಗಿ. ವೈರಿಂಗ್ ಮತ್ತು ಸಮಯಪಾಲನೆಯ ವಿಷಯದಲ್ಲಿ ನನಗೆ ತಕರಾರುಗಳಿವೆ, ಅವನ್ನೂ ಮುಂದೆ ಬರೆದಿದ್ದೇನೆ.

ನನ್ನದು ಇ46 ಪೀಳಿಗೆಯ ಬಿಎಂಡಬ್ಲ್ಯು 318ಐ. ಅದರ 1895 ಸಿಸಿಯ ನಾಲ್ಕು ಸಿಲಿಂಡರ್ ಎಂ43 ಎಂಜಿನ್ನಿನ ಶಕ್ತಿ 118 ಅಶ್ವಶಕ್ತಿ. ಹ್ಯಾಂಡ್‌ಬ್ರೇಕ್ ಎಳೆದು ಹಿಂಬದಿಯನ್ನು ಜಾರಿಸುವುದಕ್ಕೆ ಇದು ಸಾಕಾಗುತ್ತದೆ. ಒಣಗಿದ ಡಾಂಬರಿನ ಮೇಲೆ, ಮೂರನೇ ಗೇರಿನಲ್ಲಿ, ತಿರುವಿನ ಉದ್ದಕ್ಕೂ ಆ ಜಾರಿಕೆಯನ್ನು ಆಕ್ಸಲರೇಟರಿನಿಂದಲೇ ಹಿಡಿದಿಟ್ಟುಕೊಳ್ಳುವುದಕ್ಕೆ ಸಾಲುವುದಿಲ್ಲ. ಹಾಗಾಗಿ ಅದೇ ಕಂಪನಿಯ ಎಂ54ಬಿ30 ಎಂಜಿನ್ನನ್ನು ಆರಿಸಿಕೊಂಡೆ. 2979 ಸಿಸಿ, ಒಂದೇ ಸಾಲಿನಲ್ಲಿ ಆರು ಸಿಲಿಂಡರ್, 231 ಅಶ್ವಶಕ್ತಿ, 300 ನ್ಯೂಟನ್ ಮೀಟರ್ ಟಾರ್ಕ್. ಇದೇ ಬಾಡಿಯ 330ಐ ಕಾರಿಗೆ ಕಾರ್ಖಾನೆಯೇ ಈ ಎಂಜಿನ್ ಕೂರಿಸಿ ಮಾರಿದ್ದರಿಂದ ಬಾನೆಟ್ಟಿನ ಕೆಳಗೆ ಜಾಗ ಹುಡುಕುವ, ಎಂಜಿನ್ ಕೂರುವ ಫೌಂಡೇಶನ್‌ಗಳನ್ನು ಹೊಸದಾಗಿ ಕಲ್ಪಿಸಿಕೊಳ್ಳುವ ಪ್ರಮೇಯ ಬರುವುದಿಲ್ಲ. ಬ್ಲಾಕ್ ಅಲ್ಯೂಮಿನಿಯಂನದಾದ್ದರಿಂದ ಮೂತಿಯ ತೂಕವೂ ವಿಪರೀತ ಏರುವುದಿಲ್ಲ. ಟರ್ಬೊ ಇಲ್ಲ, ಆದ್ದರಿಂದ ಕಾಲಿನ ಒತ್ತಡಕ್ಕೆ ತಕ್ಕಂತೆ ಶಕ್ತಿ ಸಮವಾಗಿ ಬರುತ್ತದೆ. ಕಲಿಯುತ್ತಿರುವವರಿಗೆ ಇದು ದೊಡ್ಡ ಅನುಕೂಲ. ಬೇರೆ ಕಂಪನಿಯ ಎಂಜಿನ್ ತಂದು ಅಡಾಪ್ಟರ್ ಪ್ಲೇಟ್ ಮಾಡಿಸಿ, ಎಂಜಿನ್ನಿನ ತಳದ ಆಯಿಲ್ ಚೇಂಬರ್ ಕತ್ತರಿಸಿ ಹೊಂದಿಸುವವರೂ ಇದ್ದಾರೆ. ಅಂಥ ಕೆಲಸವನ್ನು ಮೊದಲ ಡ್ರಿಫ್ಟ್ ಕಾರಿಗೆ ಕೈಗೆತ್ತಿಕೊಳ್ಳಬೇಡಿ ಎಂದು ಇಲ್ಲಿನ ಮಾಲೀಕರು ನೇರವಾಗಿಯೇ ಹೇಳಿದರು. ಹೆಚ್ಚು ದುಡ್ಡಿನ ಕೆಲಸವನ್ನು ತಾವಾಗಿ ಬೇಡವೆಂದ ಆ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ನಮೂದಾಗಿರುವ ತಯಾರಕರ ವಿವರಗಳಿಗೆ ಹೊಂದದಂಥ ಬದಲಾವಣೆಯನ್ನು ವಾಹನಕ್ಕೆ ಮಾಡುವಂತಿಲ್ಲ. ಆದ್ದರಿಂದ ಈ ಕಾರು ಇನ್ನು ಊರಿನ ರಸ್ತೆಗೆ ಇಳಿಯುವುದಿಲ್ಲ, ಫ್ಲ್ಯಾಟ್‌ಬೆಡ್ ಲಾರಿಯ ಮೇಲೇರಿ ಟ್ರ್ಯಾಕಿಗೆ ಹೋಗಿ ಹಾಗೆಯೇ ಹಿಂತಿರುಗುತ್ತದೆ. ವರ್ಕ್‌ಶಾಪಿನವರು ಕೆಲಸ ಒಪ್ಪಿಕೊಳ್ಳುವ ಮುನ್ನವೇ ಇದನ್ನು ಖಚಿತಪಡಿಸಿಕೊಂಡರು. ಕೊಳ್ಳುವ ಎಂಜಿನ್ನಿಗೆ ಅದರ ನಂಬರ್ ಬರೆದ ಬಿಲ್ ಮತ್ತು ಅದು ಯಾವ ಕಾರಿನಿಂದ ಬಂತೆಂಬುದರ ದಾಖಲೆ ಇಲ್ಲದಿದ್ದರೆ ತಮ್ಮ ಶೆಡ್ಡಿನೊಳಗೆ ಇಳಿಸುವುದಿಲ್ಲವೆಂದೂ ಹೇಳಿದರು. ಕಳವಿನ ಮಾಲು ಗುಜರಿಯಲ್ಲಿ ಬೆರೆತುಹೋಗಬಹುದಾದ ಊರಿನಲ್ಲಿ ಈ ಕಟ್ಟುನಿಟ್ಟು ಅಗತ್ಯ.

ಎಂಜಿನ್ ನೋಡಲು ಅವರೇ ಒಬ್ಬ ಹಿರಿಯ ಮೇಸ್ತ್ರಿಯನ್ನು ನನ್ನೊಂದಿಗೆ ಕಳುಹಿಸಿದರು. ಬೆಂಗಳೂರಿನ ಹಳೇ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕಂಡ ಮೊದಲ ಎಂಜಿನ್ ಹೊರಗಿನಿಂದ ಬಹಳ ಚೊಕ್ಕಟವಾಗಿತ್ತು, ಮಾರುವವರೂ ಓಡಿದ್ದು ಕಡಿಮೆ ಎಂದು ಭರವಸೆ ಕೊಟ್ಟರು. ಮೇಸ್ತ್ರಿ ಅದರ ಹೊಳಪನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎಂಜಿನ್ನಿನ ನೀರಿನ ದಾರಿಗೆ ಥರ್ಮೋಸ್ಟಾಟ್ ಕೂರುವ ಬಾಯಿಯವರೆಗೆ ನೀರು ತುಂಬಿಸಿ, ಪ್ರತಿ ಸಿಲಿಂಡರಿನ ಪಿಸ್ಟನ್ನನ್ನು ಮೇಲಿನ ತುದಿಗೆ ತಂದು ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಕಂಪ್ರೆಸರಿನ ಗಾಳಿ ಬಿಟ್ಟು, ಎಷ್ಟು ಗಾಳಿ ಸೋರುತ್ತಿದೆ ಎಂಬುದನ್ನು ಗೇಜಿನಲ್ಲಿ ಓದುತ್ತ ಹೋದರು. ಸೋರಿಕೆ ಶೇಕಡ 10ರ ಒಳಗಿದ್ದರೆ ಚಿಂತೆಯಿಲ್ಲ ಎಂಬುದು ಅವರ ಅಳತೆ. ಮೊದಲ ಐದು ಸಿಲಿಂಡರುಗಳೂ ಸರಿಯಾಗಿದ್ದವು. ಆರನೆಯದಕ್ಕೆ ಗಾಳಿ ಬಿಟ್ಟ ಕೆಲವೇ ಕ್ಷಣಗಳಲ್ಲಿ ಥರ್ಮೋಸ್ಟಾಟಿನ ಬಾಯಿಯ ನೀರಿನಲ್ಲಿ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳತೊಡಗಿದವು. ಸಿಲಿಂಡರಿನ ಗಾಳಿ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಪದರ) ದಾಟಿ ನೀರು ಹರಿಯುವ ಜಾಕೆಟ್ಟಿಗೆ ಸೇರುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದು, “ಬೇಡ ಸರ್, ಇದು ಚೆನ್ನಾಗಿ ಕಾದ ಎಂಜಿನ್, ಬೋಲ್ಟಿನ ಥ್ರೆಡ್ಡೂ ಉಳಿದಿರಲ್ಲ” ಎಂದರು.

ಆ ಮಾತಿನ ಹಿಂದಿನ ಕಾರಣವನ್ನು ಈ ಎಂಜಿನ್ ಕೊಳ್ಳುವವರೆಲ್ಲರೂ ತಿಳಿದಿರಬೇಕು. ಎಂ54ರ ಹೆಡ್ ಬೋಲ್ಟುಗಳು ಅಲ್ಯೂಮಿನಿಯಂ ಬ್ಲಾಕಿನೊಳಗೆ ಕಚ್ಚಿಕೊಂಡಿರುತ್ತವೆ. ಎಂಜಿನ್ ಒಮ್ಮೆ ಮಿತಿಮೀರಿ ಕಾದರೆ ಬ್ಲಾಕಿನ ಥ್ರೆಡ್ಡುಗಳು ಬಲ ಕಳೆದುಕೊಳ್ಳುತ್ತವೆ, ಆಮೇಲೆ ಹೊಸ ಗ್ಯಾಸ್ಕೆಟ್ ಹಾಕಿ ಬಿಗಿಮಾಡಲು ಹೋದಾಗ ಬೋಲ್ಟು ಬಿಗಿಯಾಗುವ ಬದಲು ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ. ತೂತುಗಳನ್ನು ದೊಡ್ಡದು ಮಾಡಿ ಉಕ್ಕಿನ ಥ್ರೆಡ್ ಇನ್ಸರ್ಟ್ ಕೂರಿಸಿ ರಿಪೇರಿ ಮಾಡಲು ಸಾಧ್ಯವಿದೆ, ಆದರೆ ಕೊಳ್ಳುವ ಮೊದಲೇ ಆ ಖರ್ಚನ್ನು ತಲೆಯ ಮೇಲೆ ಹೊತ್ತುಕೊಳ್ಳುವುದರಲ್ಲಿ ಅರ್ಥವಿಲ್ಲ. ಕೊನೆಗೆ ಬೇರೆ ಕಡೆಯಿಂದ ತಂದ ಎಂಜಿನ್ ಎಲ್ಲ ಪರೀಕ್ಷೆಗಳಲ್ಲೂ ಪಾಸಾಯಿತು. ಅದು 5 ಸೀರೀಸ್ ಕಾರಿನದಾಗಿದ್ದರಿಂದ ಇ46ಕ್ಕೆ ಹೊಂದುವ ಆಯಿಲ್ ಚೇಂಬರನ್ನೂ ಆಯಿಲ್ ಎಳೆಯುವ ಪಿಕಪ್ ಪೈಪನ್ನೂ ಬೇರೆಯಾಗಿ ಹುಡುಕಬೇಕಾಯಿತು.

ಚೇಂಬರ್ ಬಿಚ್ಚಿದ್ದರಿಂದ ಇನ್ನೊಂದು ಮುಖ್ಯ ಕೆಲಸವೂ ಆಯಿತು. ಈ ಎಂಜಿನ್ನಿನಲ್ಲಿ ಆಯಿಲ್ ಪಂಪಿನ ಚೈನ್ ಚಕ್ರವನ್ನು ಹಿಡಿದಿರುವುದು ಒಂದೇ ಒಂದು ನಟ್, ಅದೂ ಎಡಕ್ಕೆ ತಿರುಗಿಸಿ ಬಿಗಿಮಾಡುವ ಥ್ರೆಡ್ಡಿನದು. ಡ್ರಿಫ್ಟ್ ಮಾಡುವಾಗ ಎಂಜಿನ್ ಬಹಳ ಹೊತ್ತು ಮೇಲಿನ ಆರ್‌ಪಿಎಂನಲ್ಲೇ ಇರುವುದರಿಂದ ಕಂಪನಕ್ಕೆ ಆ ನಟ್ ಸಡಿಲಗೊಂಡು ಬಿದ್ದುಹೋದರೆ ಆಯಿಲ್ ಒತ್ತಡ ಪೂರ್ತಿ ಇಲ್ಲವಾಗುತ್ತದೆ, ಬೇರಿಂಗುಗಳು ಕ್ಷಣಾರ್ಧದಲ್ಲಿ ಸುಟ್ಟುಹೋಗುತ್ತವೆ. ಇಲ್ಲಿ ನಟ್ಟಿಗೂ ಶಾಫ್ಟಿಗೂ ಸಣ್ಣ ತೂತು ಕೊರೆದು ಸ್ಟೀಲ್ ತಂತಿ ಪೋಣಿಸಿ, ಅದು ತಿರುಗದಂತೆ ಕಟ್ಟಿದರು. ಚೇಂಬರಿನೊಳಗೆ ಆಯಿಲ್ ಒಂದೇ ಬದಿಗೆ ನುಗ್ಗಿ ಪಿಕಪ್ ಬರಿದಾಗದಂತೆ ತಡೆಗಳನ್ನು ಬೆಸೆದರು. ಎಂಜಿನ್ ಕಾರಿನಲ್ಲಿ ಕುಳಿತ ಮೇಲೆ ಇವೆರಡಕ್ಕೂ, ಕೆಳಗಿನಿಂದ ಬಾಡಿಗೆ ಬೋಲ್ಟಾಗಿರುವ ಚೌಕಟ್ಟಾದ ಮುಂದಿನ ಸಬ್‌ಫ್ರೇಮ್ ಇಳಿಸಬೇಕಾಗುತ್ತಿತ್ತು.

ಈ ವರ್ಕ್‌ಶಾಪಿನ ನಿಜವಾದ ಕಸುಬು ನನಗೆ ಕಂಡದ್ದು ಕಾರಿನ ಹಿಂಭಾಗದಲ್ಲಿ. ಇ46ರ ಹಿಂದಿನ ಸಬ್‌ಫ್ರೇಮ್ ನಾಲ್ಕು ಕಡೆ ಬಾಡಿಗೆ ಬೋಲ್ಟಾಗಿರುತ್ತದೆ. ಆ ಬೋಲ್ಟುಗಳು ಹಿಡಿದಿರುವ ತಗಡು ತೆಳ್ಳಗಿನದು, ಸ್ಪಾಟ್ ವೆಲ್ಡಿನಿಂದ ಜೋಡಿಸಿದ್ದು. ಡಿಫರೆನ್ಶಿಯಲ್ಲಿನ ಎಳೆತವೆಲ್ಲ ಆ ತಗಡಿನ ಮೇಲೆಯೇ ಬೀಳುವುದರಿಂದ ವರ್ಷಗಳು ಕಳೆದಂತೆ ಅಲ್ಲಿ ಬಿರುಕು ಬಿಡುವುದು ಈ ಮಾದರಿಯ ಹೆಸರಾಂತ ದೌರ್ಬಲ್ಯ. 118 ಅಶ್ವಶಕ್ತಿಯಲ್ಲೇ ಬಿರುಕು ಬಿಡಬಹುದಾದ ಜಾಗಕ್ಕೆ ಸುಮಾರು ಎರಡು ಪಟ್ಟು ಶಕ್ತಿ ಹರಿಸುವ ಮುನ್ನ ಅದನ್ನು ನೋಡದಿದ್ದರೆ ಉಳಿದ ಖರ್ಚೆಲ್ಲ ವ್ಯರ್ಥ. ಮೊದಲು ಬ್ಯಾಟರಿ ಕಳಚಿ, ಸೈಲೆನ್ಸರ್, ಪ್ರೊಪೆಲ್ಲರ್ ಶಾಫ್ಟ್, ಸಬ್‌ಫ್ರೇಮ್ ಇಳಿಸಿದರು. ಬೆಸುಗೆಯ ಕಿಡಿ ಹಾರುವ ಜಾಗವಾದ್ದರಿಂದ ಪೆಟ್ರೋಲ್ ಟ್ಯಾಂಕನ್ನೂ ಬಿಚ್ಚಿ ಶೆಡ್ಡಿನ ಹೊರಗಿಟ್ಟರು. ತಳಭಾಗದ ಕಪ್ಪು ಲೇಪವನ್ನು ಕೆರೆದು ಬರಿಯ ಲೋಹ ಕಾಣುವಂತೆ ಮಾಡಿ, ಕೆಂಪು ಡೈ ಸಿಂಪಡಿಸಿ, ಅದು ಸಂದುಗಳೊಳಗೆ ಇಳಿಯಲು ಬಿಟ್ಟು, ಒರೆಸಿ, ಮೇಲೆ ಬಿಳಿಯ ಡೆವಲಪರ್ ಹೊಡೆದರು. ಬಲಬದಿ ಬಿಳಿಯಾಗಿಯೇ ಉಳಿಯಿತು. ಎಡಬದಿಯ ಮುಂದಿನ ಬೋಲ್ಟಿನ ಬಳಿ, ಒಂದು ಸ್ಪಾಟ್ ವೆಲ್ಡಿನ ಅಂಚಿನಿಂದ ಹೊರಟ ಕೂದಲೆಳೆಯಂಥ ಕೆಂಪು ಗೆರೆಯೊಂದು ಬಿಳಿಯ ಮೇಲೆ ನಿಧಾನವಾಗಿ ಮೂಡಿತು. ಆ ಲೇಪ ಇದ್ದಾಗ ನಾನು ಅದೇ ಜಾಗವನ್ನು ಟಾರ್ಚ್ ಹಾಕಿ ನೋಡಿದ್ದೆ, ಏನೂ ಕಂಡಿರಲಿಲ್ಲ.

ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು ಅದು ಮುಂದುವರಿಯದಂತೆ ನಿಲ್ಲಿಸಿ, ಬೆಸೆದು, ಸಮಗೊಳಿಸಿದ ಮೇಲೆ ನಾಲ್ಕೂ ಕಡೆ ದಪ್ಪ ಉಕ್ಕಿನ ಬಲವರ್ಧನೆ ಪ್ಲೇಟುಗಳನ್ನು ಕೂರಿಸಿದರು. ಪೀಣ್ಯದಲ್ಲಿರುವುದರ ಲಾಭ ಇಲ್ಲಿ ಕಣ್ಣಿಗೆ ಕಾಣುತ್ತದೆ. ರಟ್ಟಿನ ಮೇಲೆ ತೆಗೆದ ಅಳತೆಯನ್ನು ಹತ್ತಿರದ ಲೇಸರ್ ಕಟಿಂಗ್ ಘಟಕಕ್ಕೆ ಕೊಟ್ಟು, ಬಾಗಿಸುವ ಕೆಲಸವನ್ನು ಪಕ್ಕದ ರಸ್ತೆಯಲ್ಲಿ ಮಾಡಿಸಿ, ಹೊಂದದ ಅಂಚನ್ನು ಮತ್ತೆ ಸರಿಪಡಿಸಿಕೊಂಡು ಬರಲು ಅವರು ಊರು ಸುತ್ತಬೇಕಾಗಿಲ್ಲ. ಬೆಸುಗೆಯನ್ನು ಒಂದೇ ಉದ್ದಕ್ಕೆ ಎಳೆಯದೆ, ತಗಡು ಕಾದು ಸೊಟ್ಟಗಾಗದಂತೆ ಒಂದು ಬದಿಯಲ್ಲಿ ಸ್ವಲ್ಪ, ತಣಿದ ಮೇಲೆ ಎದುರು ಬದಿಯಲ್ಲಿ ಸ್ವಲ್ಪ ಎಂಬಂತೆ ತಾಳ್ಮೆಯಿಂದ ಹಾಕಿದ್ದಾರೆ. ಕೊನೆಗೆ ಪ್ರೈಮರ್, ಸೀಲರ್, ಟೊಳ್ಳು ಜಾಗಗಳಿಗೆ ತುಕ್ಕು ಹಿಡಿಯದಂತೆ ಮೇಣದ ಸಿಂಪಡಣೆ. ಕಣ್ಣಿಗೆ ಬೀಳದ ಜಾಗದಲ್ಲಿ ಇಷ್ಟು ಅಚ್ಚುಕಟ್ಟಾದ ಬೆಸುಗೆಯನ್ನು ನಾನು ಈ ಊರಿನ ದುಬಾರಿ ಗ್ಯಾರೇಜುಗಳಲ್ಲೂ ನೋಡಿಲ್ಲ.

ಗೇರ್‌ಬಾಕ್ಸ್ ಮತ್ತು ಡಿಫರೆನ್ಶಿಯಲ್ ಬಗ್ಗೆ ಅವರ ಸಲಹೆ ಸ್ಪಷ್ಟವಾಗಿತ್ತು. ನಾಲ್ಕು ಸಿಲಿಂಡರಿನ ಗೇರ್‌ಬಾಕ್ಸಿನ ಬೆಲ್ ಹೌಸಿಂಗ್ (ಎಂಜಿನ್ನಿಗೆ ಬೋಲ್ಟಾಗುವ ಮುಂದಿನ ಕವಚ) ಆರು ಸಿಲಿಂಡರಿನ ಬ್ಲಾಕಿಗೆ ಕೂರುವುದಿಲ್ಲ, ಆದ್ದರಿಂದ ಆರು ಸಿಲಿಂಡರಿನ ಮ್ಯಾನುಯಲ್ ಗೇರ್‌ಬಾಕ್ಸ್ ಸಿಗುವವರೆಗೆ ಎಂಜಿನ್ನಿಗೆ ಮುಂಗಡ ಕೊಡಬೇಡಿ ಎಂದಿದ್ದರು. ಈ ಇಡೀ ಕೆಲಸದಲ್ಲಿ ಸಿಗಲು ಅತಿ ಕಷ್ಟವಾದ ವಸ್ತುವೂ ಅದೇ. 318ಐಯ ಡಿಫರೆನ್ಶಿಯಲ್ಲಿನ ಕ್ರೌನ್ ವೀಲ್, ಅಂದರೆ ಒಳಗಿನ ದೊಡ್ಡ ಗೇರ್ ಚಕ್ರ, 168 ಮಿಲಿಮೀಟರಿನದು, 330ಐಯದು 188 ಮಿಲಿಮೀಟರಿನದು. ಚಿಕ್ಕದು ಸ್ವಲ್ಪ ಕಾಲ ತಡೆದೀತು, ಆದರೆ ಕ್ಲಚ್ ಒದ್ದು ಚಕ್ರ ಜಾರಿಸುವ ಡ್ರಿಫ್ಟಿಂಗ್‌ನಲ್ಲಿ ಅದು ಯಾವಾಗ ಕೈಕೊಡುತ್ತದೆಂದು ಹೇಳಲಾಗದು. ಹಾಗಾಗಿ ದೊಡ್ಡದನ್ನೇ ಅದರ ಆಕ್ಸಲ್ ಶಾಫ್ಟುಗಳ ಸಮೇತ ತರಿಸಿದೆವು. ಪ್ರೊಪೆಲ್ಲರ್ ಶಾಫ್ಟಿನ ಉದ್ದವನ್ನು ಅಂದಾಜಿನ ಮೇಲೆ ಕತ್ತರಿಸಲಿಲ್ಲ. ಖಾಲಿ ಬ್ಲಾಕು ಮತ್ತು ಗೇರ್‌ಬಾಕ್ಸನ್ನು ತಾತ್ಕಾಲಿಕ ಜೋಡಣೆಯಾಗಿ ಕಾರಿನೊಳಗೆ ಕೂರಿಸಿ, ಡಿಫರೆನ್ಶಿಯಲ್ಲನ್ನು ಹೊಸ ಬುಷ್‌ಗಳ ಮೇಲೆ ಬಿಗಿದು, ಅವೆರಡರ ನಡುವಿನ ಅಂತರವನ್ನು ಅಳೆದ ಮೇಲೆಯೇ ಶಾಫ್ಟನ್ನು ಮಷಿನ್ ಶಾಪಿಗೆ ಕಳುಹಿಸಿದರು. ಬ್ಯಾಲೆನ್ಸಿಂಗ್ ಮಾಡಿದ ವರದಿಯನ್ನು ಬಿಲ್ಲಿನೊಂದಿಗೆ ಕೊಟ್ಟಿದ್ದಾರೆ.

ರೇಡಿಯೇಟರ್, ನೀರಿನ ಪಂಪ್, ಪ್ಲಾಸ್ಟಿಕ್ ಎಕ್ಸ್‌ಪಾನ್ಶನ್ ಟ್ಯಾಂಕ್ ಮೂರನ್ನೂ ಪರೀಕ್ಷಿಸದೆಯೇ ಬದಲಿಸಿ ಎಂದರು, ನಾನೂ ಒಪ್ಪಿದೆ. ಡ್ರಿಫ್ಟ್ ಕಾರು ಅಡ್ಡಡ್ಡವಾಗಿ ಸಾಗುವುದರಿಂದ ರೇಡಿಯೇಟರಿಗೆ ಗಾಳಿ ನೇರವಾಗಿ ತಾಗುವುದಿಲ್ಲ. ಬೆಂಗಳೂರಿನ ತಂಪಿನಲ್ಲಿ ಸರಿಯಾಗಿದ್ದದ್ದು ಚೆನ್ನೈ ಬಳಿಯ ಇರುಂಗಾಟ್ಟುಕೊಟ್ಟೈ ಟ್ರ್ಯಾಕಿನ ಬಿಸಿಲಿನಲ್ಲಿ ಸರಿಯಾಗಿರುತ್ತದೆಂಬ ಖಾತ್ರಿಯೂ ಇಲ್ಲ.

ಈಗ ತಕರಾರುಗಳಿಗೆ ಬರುತ್ತೇನೆ. ವೈರಿಂಗ್ ಇವರ ಕೈಯಲ್ಲಿಲ್ಲ, ಹೊರಗಿನ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸುತ್ತಾರೆ. ಈ ಕಾರುಗಳಲ್ಲಿ ಎಂಜಿನ್ ಕಂಪ್ಯೂಟರೂ ಇಡಬ್ಲ್ಯುಎಸ್ ಎಂಬ ಕಳವು ನಿರೋಧಕ ಘಟಕವೂ ಒಂದನ್ನೊಂದು ಗುರುತಿಸಿಕೊಂಡರೆ ಮಾತ್ರ ಎಂಜಿನ್ ಚಾಲೂ ಆಗುತ್ತದೆ. ಬೇರೆ ಕಾರಿನ ಕಂಪ್ಯೂಟರ್ ತಂದರೆ ಅದರ ಇಡಬ್ಲ್ಯುಎಸ್ ಘಟಕವನ್ನೂ ಕೀಲಿಯನ್ನೂ ಜೊತೆಗೇ ತರಬೇಕು, ಇಲ್ಲವೇ ಎರಡನ್ನೂ ಸಾಫ್ಟ್‌ವೇರಿನಲ್ಲಿ ಹೊಂದಿಸಬೇಕು. ಎಂಜಿನ್ ಕೊಳ್ಳುವ ದಿನವೇ ಈ ಮಾತನ್ನು ಹೇಳಿದ್ದರೆ ಮಾರುವವರಿಂದ ಮೂರನ್ನೂ ಒಟ್ಟಿಗೆ ಪಡೆಯಬಹುದಿತ್ತು. ಯಾಂತ್ರಿಕ ಭಾಗದಲ್ಲಿ ಅಷ್ಟೊಂದು ಮುಂದಾಲೋಚನೆ ಇರುವವರು ಎಲೆಕ್ಟ್ರಿಕಲ್ ಭಾಗವನ್ನು ಕೊನೆಗೆ ಬಿಟ್ಟದ್ದು ನನಗೆ ಬೇಸರ ತಂದಿದೆ. ಪೆಟ್ರೋಲ್ ವಿಷಯದಲ್ಲೂ ಅಷ್ಟೇ. ಎಂ54ಕ್ಕೆ ಬೇಕಾದ 3.5 ಬಾರ್ ಒತ್ತಡದ ಫಿಲ್ಟರ್ ಮತ್ತು ರೆಗ್ಯುಲೇಟರನ್ನು ಹಾಕಿದ್ದಾರೆ. ಆದರೆ ಪ್ರೊಪೆಲ್ಲರ್ ಶಾಫ್ಟಿನ ಎರಡೂ ಬದಿಗೆ ಇಳಿಬಿದ್ದ ಟ್ಯಾಂಕಿನಲ್ಲಿ, ಉದ್ದನೆಯ ತಿರುವಿನಲ್ಲಿ ಪೆಟ್ರೋಲ್ ಒಂದೇ ಬದಿಗೆ ಸರಿದು ಪಂಪ್ ಒಣಗುವ ಸಮಸ್ಯೆಗೆ ಪರಿಹಾರ ಕೇಳಿದಾಗ, ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ ಎಂದಷ್ಟೇ ಹೇಳಿದರು. ಬೆಸುಗೆಗಾಗಿ ಟ್ಯಾಂಕನ್ನು ಹೇಗೂ ಕಳಚಿದ್ದಾಗ, ಪಂಪಿಗೆ ಪೆಟ್ರೋಲ್ ತಪ್ಪದಂತೆ ಹಿಡಿದಿಡುವ ಸಣ್ಣದೊಂದು ಸರ್ಜ್ ಟ್ಯಾಂಕಿಗೆ ಜಾಗವನ್ನಾದರೂ ಗುರುತಿಸಬಹುದಿತ್ತು.

ಹೇಳಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ, ವಿಳಂಬವಾಗುತ್ತದೆಂದು ತಾವಾಗಿ ಫೋನ್ ಮಾಡುವುದೂ ಇಲ್ಲ. ಹೋಗಿ ಎದುರಿಗೆ ನಿಂತರೆ ಪ್ರತಿಯೊಂದನ್ನೂ ಬಿಡಿಸಿ ತೋರಿಸುತ್ತಾರೆ. ಆದರೆ ಗೊರಗುಂಟೆಪಾಳ್ಯದ ಟ್ರಾಫಿಕ್ ದಾಟಿ ಬರುವುದು ಎಲ್ಲರಿಗೂ ಸುಲಭವಲ್ಲ. ಹಸಿರು ಮಾರ್ಗದ ಮೆಟ್ರೊದಲ್ಲಿ ಬಂದು ಆಟೊ ಹಿಡಿಯುವುದು ಮೇಲು. ಹಣದ ವ್ಯವಹಾರದಲ್ಲಿ ಮಾತ್ರ ಒಂದು ಮಾತು ಆಡುವಂತಿಲ್ಲ. ಕೆಲಸವನ್ನು ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತಕ್ಕೂ ಅಂದಾಜು ಬರೆದುಕೊಟ್ಟು, ಬಿಡಿಭಾಗಗಳ ಮೂಲ ಬಿಲ್ಲನ್ನೂ ಲೇಬರ್ ಚಾರ್ಜನ್ನೂ ಬೇರೆಬೇರೆಯಾಗಿ ತೋರಿಸಿ, ಲೇಬರಿನ ಮೇಲೆ ಶೇಕಡ 18ರ ಜಿಎಸ್‌ಟಿ ಸೇರಿಸಿ ರಸೀದಿ ಕೊಡುತ್ತಾರೆ. ಬಿಚ್ಚಿದ ಹಳೇ ಭಾಗಗಳನ್ನು ಚೀಟಿ ಅಂಟಿಸಿ ಹಿಂದಿರುಗಿಸಿದ್ದಾರೆ.

ಕಾರು ತಿಂಗಳುಗಟ್ಟಲೆ ನಿಂತರೂ ಪರವಾಗಿಲ್ಲ, ಕೆಲಸ ಗಟ್ಟಿಯಾಗಿರಲಿ ಎನ್ನುವವರು ಇಲ್ಲಿಗೆ ಧೈರ್ಯವಾಗಿ ಹೋಗಬಹುದು. ಮುಂದಿನ ಟ್ರ್ಯಾಕ್ ದಿನಕ್ಕೆ ಕಾರು ಬೇಕೇಬೇಕು ಎನ್ನುವವರಿಗೆ ಇದು ತಕ್ಕ ಜಾಗವಲ್ಲ. ಹೋಗುವವರು ಎಂಜಿನ್ನಿನ ದಾಖಲೆಗಳ ಜೊತೆಗೆ ಅದರ ಕಂಪ್ಯೂಟರ್, ಇಡಬ್ಲ್ಯುಎಸ್ ಘಟಕ, ಕೀಲಿ ಮತ್ತು ಕತ್ತರಿಸದ ಪೂರ್ತಿ ವೈರಿಂಗ್ ಹಾರ್ನೆಸ್ ಕೈಯಲ್ಲಿಟ್ಟುಕೊಂಡೇ ಹೋಗಿ, ವೈರಿಂಗ್ ಯಾರು ಮಾಡುತ್ತಾರೆ ಎಂಬುದನ್ನು ಮೊದಲ ಅಂದಾಜಿನಲ್ಲೇ ಬರೆಸಿಕೊಳ್ಳಿ.